ಹುಬ್ಬಳ್ಳಿಯಲ್ಲಿ ಕ್ಯಾಮ್ ರೋಲರ್ ಮಾಡಿಸುವವರೇ, ‘ಹಾರ್ಡ್‌ನೆಸ್ 60’ ಎಂಬ ಕಾಗದವನ್ನು ನಂಬಬೇಡಿ

ಗೋಕುಲ ರಸ್ತೆ, ತಾರಿಹಾಳದ ಕಡೆ ಸಣ್ಣ ವರ್ಕ್‌ಶಾಪ್ ನಡೆಸುವವರು ಇದನ್ನು ಪೂರ್ತಿ ಓದಿ. ರೋಲರ್ ಮಾಡಿಕೊಟ್ಟವರ ಹೆಸರು ಬರೆಯುವುದಿಲ್ಲ, ದುಡ್ಡು ಇನ್ನೂ ಅವರ ಕೈಯಲ್ಲಿದೆ.

ಗದಗಿನ ಗಿರಾಕಿಯೊಬ್ಬರಿಗೆ ತಗಡು ಒತ್ತುವ ಯಂತ್ರ ಮಾಡಿಕೊಟ್ಟಿದ್ದೆ. ಅದರ ಕ್ಯಾಮ್ ರೋಲರ್‌ಗಳನ್ನು (ಕ್ಯಾಮ್ ಎಂಬ ಉಬ್ಬುಚಕ್ರದ ಮೇಲೆ ಒತ್ತಿಕೊಂಡು ಉರುಳುವ ಉಕ್ಕಿನ ಗಾಲಿಗಳು) ಹೊರಗೆ ಮಾಡಿಸಿದೆ. ಡ್ರಾಯಿಂಗ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದೆ: ಇಎನ್ 353 ಎಂಬ ನಿಕಲ್ ಬೆರೆತ ಉಕ್ಕು, ಕಾರ್ಬುರೈಸಿಂಗ್ (ಮೇಲ್ಪದರಕ್ಕೆ ಇಂಗಾಲ ಹೊಗಿಸಿ ಗಡಸು ಮಾಡುವುದು), ಗ್ರೈಂಡಿಂಗ್ ಆದ ಮೇಲೆ ಕೇಸ್, ಅಂದರೆ ಆ ಗಡಸು ಪದರದ ಆಳ 1 ಮಿ.ಮೀ. ಉಳಿಯಬೇಕು, ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 60. ಅರ್ಧ ಮುಂಗಡ ಕೊಟ್ಟೆ. ಮಾಲು ಹೊಳೆಯುತ್ತಾ ಬಂತು. ಅರ ಉಜ್ಜಿದರೆ ಕೊರೆಯದೆ ಜಾರಿತು, ಮೇಲ್ಮೈ ಗಡಸಾಗಿದೆ ಎಂದುಕೊಂಡೆ. ಪರೀಕ್ಷಾ ವರದಿಯಲ್ಲೂ 60 ಎಂದೇ ಇತ್ತು. ಉಳಿದ ಹಣವನ್ನೂ ಕೊಟ್ಟೆ.

ಕೆಲವೇ ವಾರಗಳಲ್ಲಿ ಗಿರಾಕಿ ಕರೆದರು. ಕೆಲಸಗಾರರೆಲ್ಲ ನಿಂತು ನೋಡುತ್ತಿರುವಾಗ ನನ್ನ ಅಂಗೈಗೆ ಉಕ್ಕಿನ ಚಕ್ಕೆಗಳನ್ನು ಸುರಿದು, ‘ಇದು ನಿಮ್ಮ ರೋಲರ್’ ಎಂದರು. ಸವೆದದ್ದಲ್ಲ, ಚಕ್ಕೆಯಾಗಿ ಕಿತ್ತು ಬಂದದ್ದು! ಅಲ್ಲಿಂದ ತಲೆ ಎತ್ತಿ ಹೊರಬರಲು ಆಗಲಿಲ್ಲ.

ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ, ‘ನೀವು ಲೋಡ್ ಜಾಸ್ತಿ ಹಾಕಿದ್ದೀರಿ.’ ಸರಿ, ಲೆಕ್ಕ ನೋಡೋಣ. 40 ಮಿ.ಮೀ. ವ್ಯಾಸ, 20 ಮಿ.ಮೀ. ಅಗಲದ ರೋಲರ್. ಕ್ಯಾಮ್ ಮೂಗಿನ ತ್ರಿಜ್ಯ 60 ಮಿ.ಮೀ. ಒಂದೂವರೆ ಟನ್ ಹೊರೆ. ಬಾಗಿದ ಎರಡು ಮೇಲ್ಮೈಗಳು ಒತ್ತಿಕೊಂಡಾಗಿನ ಒತ್ತಡ ಹೇಳುವ, ಜರ್ಮನ್ ವಿಜ್ಞಾನಿ ಹರ್ಟ್ಸ್ ಅವರ ಸೂತ್ರದ ಪ್ರಕಾರ ಎರಡೂ ತಾಗುವ ಪಟ್ಟಿಯ ಅಗಲ ಸುಮಾರು 0.7 ಮಿ.ಮೀ. ಮಾತ್ರ, ನಡುವಿನ ಒತ್ತಡ ಚದರ ಮಿ.ಮೀ.ಗೆ ಸುಮಾರು 1,300 ನ್ಯೂಟನ್. ಸರಿಯಾದ ಕೇಸ್ ಇದ್ದರೆ ಇದು ಹೆದರುವಂಥದ್ದಲ್ಲ. ಹೊರೆ ಶೇ. 20 ಹೆಚ್ಚಾದರೂ ಈ ಒತ್ತಡ ಏರುವುದು ಶೇ. 10ರಷ್ಟೇ, ಏಕೆಂದರೆ ರೇಖೆಯಾಗಿ ತಾಗುವಲ್ಲಿ ಅದು ಹೊರೆಯ ವರ್ಗಮೂಲದಂತೆ ಏರುತ್ತದೆ. ಲೋಡ್ ಜಾಸ್ತಿಯಂತೆ! (ಹರ್ಟ್ಸ್ 1882ರಲ್ಲಿ ಪ್ರಕಟಿಸಿದ ಈ ಲೆಕ್ಕ ಹುಟ್ಟಿದ್ದು ಗಾಜಿನ ಮಸೂರಗಳನ್ನು ಒಂದಕ್ಕೊಂದು ಒತ್ತಿದಾಗ ಏನಾಗುತ್ತದೆ ಎಂಬ ಪ್ರಶ್ನೆಯಿಂದ. ಮಸೂರಕ್ಕೆ ಗೊತ್ತಿದ್ದದ್ದು ನಮ್ಮ ಮಹಾಶಯರಿಗೆ ಗೊತ್ತಿಲ್ಲ.)

ಎರಡನೆಯ ಉತ್ತರ: ‘ಗ್ರೀಸ್ ಹಾಕಿಲ್ಲ.’ ಹಾಕಿದ್ದರು, ನಾನೇ ನೋಡಿದ್ದೇನೆ. ಮೂರನೆಯದು: ‘ವರದಿ ಕೊಟ್ಟಿದ್ದೇವಲ್ಲ ಸರ್?’

ಆ ‘ವರದಿ ಕೊಟ್ಟಿದ್ದೇವಲ್ಲ’ ಕೇಳಿದ ಮೇಲೆ ರೋಲರ್ ಒಂದನ್ನು ಅಡ್ಡಡ್ಡ ಕತ್ತರಿಸಿ, ನುಣುಪು ಮಾಡಿ, ನೈಟ್ರಿಕ್ ಆಮ್ಲ ಬೆರೆಸಿದ ಸ್ಪಿರಿಟ್ ಸವರಿದೆ. ಅಂಚಿನಲ್ಲಿ ಬೇರೆ ಬಣ್ಣದ ಗೆರೆ ಕಾಣಿಸಿತು. 1 ಮಿ.ಮೀ. ಎಲ್ಲಿ, ಅದು 0.2 ಕೂಡ ತುಂಬಲಿಲ್ಲ. ಒಳಗೆಲ್ಲ ಮೆತ್ತನೆಯ ಉಕ್ಕು. ಉಕ್ಕಿನಲ್ಲಿ ಏನೇನು ಬೆರೆತಿದೆ ಎಂದು ತೋರಿಸುವ ಸ್ಪೆಕ್ಟ್ರೋ ಪರೀಕ್ಷೆ ಮಾಡಿಸಿದರೆ ಇಎನ್ 353ರಲ್ಲಿ ಇರಲೇಬೇಕಾದ ನಿಕಲ್ ಹೆಸರಿಗೂ ಇಲ್ಲ. ಸಾದಾ ಮೈಲ್ಡ್ ಸ್ಟೀಲಿಗೆ ಕಾದು ಕರಗಿದ ಉಪ್ಪಿನ ಬಾತ್‌ನಲ್ಲಿ ಒಂದು ಮುಳುಗು ಹಾಕಿ, ತೆಳು ಗಡಸು ಪದರ ಮಾತ್ರ ಬರಿಸಿ ಕೊಟ್ಟಿದ್ದಾರೆ!

ರೋಲರನ್ನು ಕೊಲ್ಲುವ ಕತ್ತರಿ ಒತ್ತಡ (ಲೋಹದ ಪದರಗಳನ್ನು ಒಂದರ ಮೇಲೊಂದು ಜಾರಿಸುವ ಒತ್ತಡ) ಮೇಲ್ಮೈಯಲ್ಲಿ ಗರಿಷ್ಠವಾಗಿರುವುದಿಲ್ಲ. ನನ್ನ ರೋಲರ್‌ನಲ್ಲಿ ಅದು ಕಾಲು ಮಿ.ಮೀ.ಗಿಂತ ತುಸು ಕೆಳಗೆ, ಚದರ ಮಿ.ಮೀ.ಗೆ ಸುಮಾರು 400 ನ್ಯೂಟನ್. ಅಂದರೆ ಗಡಸು ಪದರ ಮುಗಿದು ಮೆತ್ತನೆಯ ಉಕ್ಕು ಶುರುವಾಗುವ ಜಾಗದಲ್ಲೇ. ಮಳೆ ನಿಂತ ಎರೆಹೊಲದಲ್ಲಿ ಮೇಲೆ ಒಣಗಿದ ಪದರ ನಂಬಿ ಕಾಲಿಟ್ಟಂತೆ.

ಹಾಗಾದರೆ ವರದಿಯ 60 ಎಲ್ಲಿಂದ ಬಂತು? ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿತ್ತು: 15 ಕಿಲೋ ಹೊರೆಯಲ್ಲಿ ಅಳೆದು ಪರಿವರ್ತಿಸಿದ್ದು. ಅಷ್ಟು ಹಗುರ ಹೊರೆಗೆ ಅಳೆಯುವ ಮೊನೆ ತೆಳು ಗಡಸು ಪದರವನ್ನು ದಾಟುವುದೇ ಇಲ್ಲ. ರಾಕ್‌ವೆಲ್ ಸಿ ಅಳತೆಗೆ ಹಾಕಬೇಕಾದದ್ದು 150 ಕಿಲೋ. ಹಾಗೆ ಅಳೆದಾಗ ಸೂಜಿ 60ರ ಹತ್ತಿರವೂ ಸುಳಿಯಲಿಲ್ಲ. ಇದನ್ನು ಮುಂದಿಟ್ಟರೆ ಬಂದ ಉತ್ತರ ಕೇಳಿ: ‘ಸರ್, ಮೇಲೆ ಗಟ್ಟಿ ಇದ್ದರೆ ಸಾಕು, ಒಳಗೆ ಯಾರು ನೋಡುತ್ತಾರೆ?’ ಒಳಗೆ ಯಾರು ನೋಡುತ್ತಾರೆ! ಇದನ್ನು ನಗುತ್ತಾ ಹೇಳಿದರು.

ಮಾಡಿಸುವುದಾದರೆ ಅದೇ ಬ್ಯಾಚಿನ ಒಂದು ತುಂಡನ್ನು ನಿಮ್ಮೆದುರೇ ಕತ್ತರಿಸಿ ಕೇಸ್ ಆಳ ತೋರಿಸಲು ಹೇಳಿ. ಸ್ಪೆಕ್ಟ್ರೋ ಮಾಡಿಸಿ. ಅರ ಜಾರಿತು ಎಂದು ಹಣ ಕೊಡಬೇಡಿ. ‘ಅದೆಲ್ಲ ಏಕೆ, ನಂಬಿಕೆ ಇಲ್ಲವೇ’ ಎಂದರೆ ಡ್ರಾಯಿಂಗ್ ಮಡಚಿಕೊಂಡು ಎದ್ದು ಬನ್ನಿ.

ಗಿರಾಕಿಗೆ ಹೊಸ ರೋಲರ್‌ಗಳನ್ನು ನನ್ನ ಖರ್ಚಿನಲ್ಲೇ ಹಾಕಿಕೊಟ್ಟಿದ್ದೇನೆ. ಹಳೆಯವನ್ನು ವಾಪಸ್ ತೆಗೆದುಕೊಳ್ಳಲು ಮೊನ್ನೆ ಮಾಡಿಕೊಟ್ಟವರು ಒಪ್ಪಿದ್ದಾರೆ, ಗುಜರಿ ದರದಲ್ಲಿ.