ಬ್ರೇಕ್ ಬ್ಯಾರೆಲ್ ಏರ್ ರೈಫಲ್ ಮೇಲೆ ರೆಡ್ ಡಾಟ್: ಮೂರು ಬೇಸಿಗೆ ಬಳಸಿದ ಮೇಲೆ

ಹತ್ತು ಮೀಟರಿನಲ್ಲಿ ಕಾಗದಕ್ಕೆ ಹೊಡೆಯುವುದಷ್ಟೇ ಕೆಲಸವಾದರೆ ರೆಡ್ ಡಾಟ್, ಅಂದರೆ ಗಾಜಿನಲ್ಲಿ ಕೆಂಪು ಚುಕ್ಕೆ ಮೂಡಿಸಿ ಗುರಿ ತೋರಿಸುವ ಸೈಟ್, ಬೇಡ. 2,600 ರೂಪಾಯಿ ಕೊಟ್ಟು ತಂದ ವಸ್ತುವಿನ ಬಗ್ಗೆ ಹೀಗೆ ಬರೆಯಲು ಹೊಟ್ಟೆ ಉರಿಯುತ್ತದೆ, ಆದರೂ ಬರೆಯಲೇಬೇಕು. ರೈಫಲ್ ಮಾಮೂಲಿ ಸ್ಪ್ರಿಂಗ್ ಪಿಸ್ಟನ್ನಿನದು, ನಳಿಗೆಯನ್ನೇ ಬುಡದ ಕೀಲಿನಲ್ಲಿ ಮಡಿಸಿ ಸ್ಪ್ರಿಂಗ್ ಬಿಗಿಸುವ ಬ್ರೇಕ್ ಬ್ಯಾರೆಲ್, 4.5 ಮಿ.ಮೀ., ಲೈಸೆನ್ಸ್ ಬೇಡದ 20 ಜೌಲ್ ಮಿತಿಯೊಳಗಿನದು. ಡಾಟ್ 3 ಎಂಒಎ (ಕೋನದ ಅಳತೆ, ಲೆಕ್ಕ ಮುಂದಿದೆ) ಗಾತ್ರದ್ದು. ಉಳಿದದ್ದೆಲ್ಲ ಡಬ್ಬದ ಮೇಲೆ ಅಚ್ಚಾಗಿರುತ್ತದೆ. ಜಾಗ ದಾವಣಗೆರೆ ಹೊರವಲಯದ ಒಂದು ಕಾಂಪೌಂಡು: ಹಿಂದೆ ಮಣ್ಣಿನ ದಿಬ್ಬ, ಅದರ ಮುಂದೆ ಹಳೇ ಬಟ್ಟೆ ಬಿಗಿಯಾಗಿ ತುಂಬಿದ ಮರದ ಪೆಟ್ಟಿಗೆ.

ಹೊಟ್ಟೆ ಉರಿಸಿದ್ದು ಒಂದೇ ಸಂಗತಿ. ಐದು ಪೆಲೆಟ್ ಹೊಡೆದರೆ ಮೂರು ಒಟ್ಟಿಗೆ ಬೀಳುತ್ತವೆ, ಎರಡು ಮಾತ್ರ ಒಂದೂವರೆ ಸೆಂಟಿಮೀಟರ್ ಕೆಳಗೆ. ಮರುದಿನ ಆ ಎರಡರ ಜಾಗವೇ ಖಾಯಂ ಜಾಗ. ಸ್ಕ್ರೂ ಬಿಗಿ ಇದೆ, ಬ್ಯಾಟರಿ ಹೊಸದು, ಪೆಲೆಟ್ ಅದೇ ಡಬ್ಬಿಯದು. ಡಾಟ್ ಬಿಚ್ಚಿಟ್ಟು ಓಪನ್ ಸೈಟಿನಲ್ಲಿ (ರೈಫಲ್ ಜೊತೆಗೇ ಬರುವ ಹಿಂದಿನ ಕಚ್ಚು, ಮುಂದಿನ ಕಡ್ಡಿ) ಹೊಡೆದರೆ ಐದೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುತ್ತವೆ. ದೋಷ ಡಾಟ್‌ನದ್ದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಅರ್ಧ ಮಾತ್ರ ಸರಿ.

ಇಂಥ ರೈಫಲ್‌ನಲ್ಲಿ ಮುಂದಿನ ಸೈಟ್ ನಳಿಗೆಯ ತುದಿಯಲ್ಲಿರುತ್ತದೆ. ಹಿಂದಿನ ಸೈಟ್ ಅನೇಕ ಮಾದರಿಗಳಲ್ಲಿ ನಳಿಗೆಯ ಬುಡದ ಬ್ಲಾಕಿನ ಮೇಲೆ, ಅಂದರೆ ಕೀಲಿನಿಂದ ಈಚೆಗಲ್ಲ, ಆಚೆಗೆ. ನಳಿಗೆ ಮಡಿಸಿದಾಗ ಎರಡೂ ಜೊತೆಗೇ ತಗ್ಗುತ್ತವೆ, ಮುಚ್ಚಿದಾಗ ಜೊತೆಗೇ ಏಳುತ್ತವೆ. ನಳಿಗೆ ಕೂದಲೆಳೆಯಷ್ಟು ತಗ್ಗಿ ಕೂತರೆ ಸೈಟೂ ಅಷ್ಟೇ ತಗ್ಗಿರುತ್ತದೆ, ಗುರಿ ಕೆಡುವುದಿಲ್ಲ. ರೆಡ್ ಡಾಟ್ ಕೂರುವುದು ಕೀಲಿನ ಈಚೆಗೆ, ಪಿಸ್ಟನ್ ಓಡುವ ಸಿಲಿಂಡರಿನ ಬೆನ್ನ ಮೇಲೆ. ಪೆಲೆಟ್ ಹೊರಡುವುದು ನಳಿಗೆಯಿಂದ, ಕಣ್ಣು ನೋಡುವುದು ಸಿಲಿಂಡರಿನಿಂದ. ನಡುವೆ ಒಂದು ಕೀಲು, ಒಂದು ಬೋಲ್ಟು, ಒಂದು ಸ್ಪ್ರಿಂಗ್ ಚಿಲಕ. ಕೀಲಿನಿಂದ ಚಿಲಕಕ್ಕೆ 30 ಮಿ.ಮೀ. ದೂರ ಎಂದಿಟ್ಟುಕೊಳ್ಳಿ. ಅಲ್ಲಿ 0.05 ಮಿ.ಮೀ. ವ್ಯತ್ಯಾಸವಾದರೆ 10 ಮೀಟರಿನಲ್ಲಿ ಅದು 16–17 ಮಿ.ಮೀ. ಆಗುತ್ತದೆ. ಮೇಲೆ ಹೇಳಿದ ಒಂದೂವರೆ ಸೆಂಟಿಮೀಟರ್ ಬಂದದ್ದು ಇಲ್ಲಿಂದ. ಓಪನ್ ಸೈಟ್ ಈ ಸಡಿಲವನ್ನು ಮುಚ್ಚಿಟ್ಟಿತ್ತು, ಡಾಟ್ ಬಯಲಿಗೆಳೆಯಿತು.

ಪರೀಕ್ಷೆ ಸುಲಭ. ಪೆಲೆಟ್ ಹಾಕದೆ ಕಾಕ್ ಮಾಡಿ (ನಳಿಗೆ ಪೂರ್ತಿ ಮಡಿಸಿ ಸ್ಪ್ರಿಂಗ್ ಸಿಕ್ಕಿಸಿ), ಟ್ರಿಗರ್ ಕಡೆ ಬೆರಳು ಸುಳಿಯದಂತೆ ನೋಡಿಕೊಂಡು, ನಳಿಗೆಯನ್ನು ಕೈಯಳತೆಯಲ್ಲೇ ಇಟ್ಟುಕೊಂಡು ಅರ್ಧಕ್ಕೆ ನಿಲ್ಲಿಸಿ. ನಿಲ್ಲಿಸಿದಲ್ಲೇ ನಿಂತರೆ ಕೀಲಿನ ಬೋಲ್ಟ್ ಸರಿ. ತನ್ನ ಭಾರಕ್ಕೆ ತಾನೇ ಬಿದ್ದರೆ ಸಡಿಲ. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ಬಿಗಿಯಬೇಡಿ. ಮುಗಿದ ಮೇಲೆ ಪೆಲೆಟ್ ಹಾಕಿಯೇ ಪೆಟ್ಟಿಗೆಗೆ ಹೊಡೆದು ಖಾಲಿ ಮಾಡಿ. ಬರಿದೇ ಹೊಡೆದರೆ ಗಾಳಿಯ ಮೆತ್ತೆಯಿಲ್ಲದೆ ಪಿಸ್ಟನ್ ಎದುರಿನ ಲೋಹಕ್ಕೆ ಅಪ್ಪಳಿಸಿ ಸೀಲ್ ಹಾಳಾಗುತ್ತದೆ. ಆಮೇಲೆ ನಳಿಗೆ ಬುಡದ ಸೀಲ್ ನೋಡಿ. ಹೊಸದಾಗಿ ಹಾಕಿದ ಸೀಲ್ ಒಂದು ಚೂರು ದಪ್ಪವಿದ್ದರೂ ಚಿಲಕ ಪೂರ್ತಿ ಕೂರುವುದಿಲ್ಲ. ಚಿಲಕದ ಇಳಿಜಾರಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಸಾಕು. ಇಷ್ಟಾದ ಮೇಲೆ ಉಳಿಯುವುದು ಕೈಯ ಅಭ್ಯಾಸ: ನಳಿಗೆಯನ್ನು ಬಡಿದು ಮುಚ್ಚಬಾರದು, ಮೆತ್ತಗೆ ಮುಚ್ಚಿ ಕೊನೆಗೆ ಅಂಗೈಯಿಂದ ಒಮ್ಮೆ ಮೇಲಕ್ಕೆ ಒತ್ತಬೇಕು. ಪ್ರತಿ ಸಲವೂ, ಅಷ್ಟೇ ಬಲದಿಂದ.

ಮೊದಲ ವರ್ಷ ಹೊಳೆಯದ ಇನ್ನೊಂದು ಉಪಾಯವಿದೆ. ಡಾಟ್ ಹಾಕಿದ ತಕ್ಷಣ ಎಲ್ಲರೂ ಮಾಡುವ ಕೆಲಸ ಓಪನ್ ಸೈಟ್ ಕಳಚಿಡುವುದು. ಹಿಂದಿನದನ್ನು ಬೇಕಾದರೆ ಕಳಚಿ, ಮುಂದಿನ ಕಡ್ಡಿಯನ್ನು ಬಿಡಿ. ಡಾಟ್ ತಗ್ಗಾಗಿ ಕೂತಿದ್ದರೆ ಗಾಜಿನ ಕೆಳಭಾಗದಲ್ಲಿ ಆ ಕಡ್ಡಿ ಮಸುಕಾಗಿ ಕಾಣುತ್ತದೆ. ತಲೆ ಎಲ್ಲಿದೆ ಎಂದು ಹೇಳುವುದು ಅದೇ, ನಳಿಗೆ ಎಲ್ಲಿ ಕೂತಿದೆ ಎಂದು ಹೇಳುವುದೂ ಅದೇ. ಚುಕ್ಕೆ ಗಾಜಿನ ಮಧ್ಯದಲ್ಲಿದ್ದೂ ಕಡ್ಡಿ ಎಂದಿಗಿಂತ ಕೆಳಗೆ ಕಂಡರೆ ನಳಿಗೆ ಸರಿಯಾಗಿ ಕೂತಿಲ್ಲ ಎಂದೇ ಅರ್ಥ. ಇನ್ನೊಮ್ಮೆ ಒತ್ತಿ, ಆಮೇಲೆ ಹೊಡೆಯಿರಿ. ಕಾವಲು ಕಾಯಲು ಓಪನ್ ಸೈಟ್ ಇದ್ದಾಗಷ್ಟೇ ಈ ಡಾಟ್ ನೆಟ್ಟಗೆ ನಡೆಯುತ್ತದೆ, ನಗು ಬರುವ ಮಾತಾದರೂ.

ತಲೆ ಎಲ್ಲಿದ್ದರೂ ಚುಕ್ಕೆ ಕೂತಲ್ಲೇ ಪೆಲೆಟ್ ಹೋಗುತ್ತದೆ ಎಂಬುದು ಜಾಹೀರಾತಿನ ಮಾತು. ಐವತ್ತು, ನೂರು ಮೀಟರಿಗೆ ಅದು ಹೆಚ್ಚುಕಡಿಮೆ ನಿಜ. ಹತ್ತು ಮೀಟರಿಗೆ ಅಲ್ಲ. 45 ಮೀಟರಿಗೆ ಪ್ಯಾರಲಾಕ್ಸ್ (ತಲೆ ಸರಿದಂತೆ ಚುಕ್ಕೆ ಗುರಿಯ ಮೇಲೆ ಸರಿಯುವುದು) ಇಲ್ಲದಂತೆ ಹೊಂದಿಸಿದ 20 ಮಿ.ಮೀ. ಗಾಜಿನ ಡಾಟ್‌ನಲ್ಲಿ ಚುಕ್ಕೆ ಅಂಚಿಗೆ ಬಂದಾಗ ಹೊಡೆದರೆ 10 ಮೀಟರಿನಲ್ಲಿ ಪೆಲೆಟ್ ಸುಮಾರು 8 ಮಿ.ಮೀ. ಸರಿಯಬಹುದು. ಗಾಜಿನ ಅರ್ಧ ಅಗಲವನ್ನು ದೂರಗಳ ವ್ಯತ್ಯಾಸದಿಂದ ಗುಣಿಸಿ, ಹೊಂದಿಸಿದ ದೂರದಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ. ರೈಫಲನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಇಟ್ಟು ತಲೆಯನ್ನು ಮಾತ್ರ ಆಚೀಚೆ ಆಡಿಸಿ ನೋಡಿ, ಚುಕ್ಕೆ ಕಾಗದದ ಮೇಲೆ ನಡೆದಾಡುವುದು ಕಣ್ಣಿಗೇ ಕಾಣುತ್ತದೆ. ಕೆನ್ನೆ ಹಿಡಿಕೆಗೆ ಆನದೆ ಗದ್ದ ಮಾತ್ರ ತಾಗುವಷ್ಟು ಡಾಟ್ ಎತ್ತರವಾಗಿದ್ದರೆ ಇದು ಇನ್ನೂ ಹೆಚ್ಚು. ಮಡಿಸಿದ ಟವೆಲ್ ಇಟ್ಟು ಮೇಲೆ ಕ್ರೇಪ್ ಬ್ಯಾಂಡೇಜ್ ಸುತ್ತಿದರೆ ಸಾಕು, ಸಾವಿರಾರು ರೂಪಾಯಿಯ ಕೆನ್ನೆದಿಂಬು ಬೇಡ.

ಚುಕ್ಕೆಯ ಗಾತ್ರದ್ದೂ ಒಂದು ಲೆಕ್ಕವಿದೆ. ಒಂದು ಎಂಒಎ ಎಂದರೆ 10 ಮೀಟರಿನಲ್ಲಿ 2.9 ಮಿ.ಮೀ. ಮೂರು ಎಂಒಎ ಚುಕ್ಕೆ 8.7 ಮಿ.ಮೀ. ಜಾಗ ಮುಚ್ಚುತ್ತದೆ. ಸ್ಪರ್ಧೆಯ ಏರ್ ರೈಫಲ್ ಕಾಗದದಲ್ಲಿ ಹತ್ತರ ಗುರುತು ಬರೀ 0.5 ಮಿ.ಮೀ., ಒಂಬತ್ತರ ವೃತ್ತ 5.5 ಮಿ.ಮೀ. ಎಲ್ಲಿಗೆ ಹೊಡೆಯಬೇಕೋ ಅದೇ ಚುಕ್ಕೆಯ ಹಿಂದೆ ಮಾಯ. ಓಪನ್ ಸೈಟಿನಲ್ಲಾದರೆ 30.5 ಮಿ.ಮೀ. ಕಪ್ಪು ಬಿಲ್ಲೆಯನ್ನು ಕಡ್ಡಿಯ ತಲೆಯ ಮೇಲೆ ಕೂರಿಸಿ ಹೊಡೆಯಬಹುದು, ಏನೂ ಮರೆಯಾಗುವುದಿಲ್ಲ. ಮಕ್ಕಳನ್ನು ಮುಂದೆ ಸ್ಪರ್ಧೆಗೆ ಕಳಿಸುವ ಆಸೆ ಇರುವವರು ಡಾಟ್ ಕಡೆ ತಿರುಗಿಯೂ ನೋಡಬೇಡಿ. ಅಂತಾರಾಷ್ಟ್ರೀಯ 10 ಮೀಟರ್ ಏರ್ ರೈಫಲ್‌ನಲ್ಲಿ ತೂತಿನ ಸೈಟ್ ಮಾತ್ರ. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಅದರಲ್ಲೇ.

ಸ್ಪ್ರಿಂಗ್ ರೈಫಲ್ ಎರಡು ಸಲ ಒದೆಯುತ್ತದೆ. ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ, ಗಾಳಿಯ ಮೆತ್ತೆಗೆ ಬಡಿದು ನಿಂತಾಗ ರಪ್ಪನೆ ಮುಂದಕ್ಕೆ. ಆ ಮುಂದಿನ ಒದೆತಕ್ಕೆ ಡಾಟ್ ತಾನು ಕೂತ ರೈಲಿನ (ಸಿಲಿಂಡರಿನ ಬೆನ್ನ ಮೇಲಿನ ಹಳಿ) ಮೇಲೆ ಹಿಂದೆ ಹಿಂದೆ ಸರಿಯುತ್ತದೆ. ತಡೆ ಪಿನ್ನಿಗೆ ತೂತಿದ್ದರೆ ಪಿನ್ ಕೂರಿಸಿ. ಇಲ್ಲದಿದ್ದರೆ ಡಾಟ್‌ನ ಬೆನ್ನಿಗೆ ಒತ್ತಿ ಒಂದು ತಡೆಗಟ್ಟೆ ಬಿಗಿಯಿರಿ. ಡಾಟ್ ಕೊಳ್ಳುವಾಗಲೇ 11 ಮಿ.ಮೀ. ರೈಲಿಗೆ ನೇರ ಹಿಡಿಯುವುದನ್ನು ನೋಡಿ. 20 ಮಿ.ಮೀ. ಅಡಾಪ್ಟರ್ ಹಾಕಿದರೆ ಎತ್ತರವೂ ಏರುತ್ತದೆ, ಸಡಿಲವಾಗಲು ಇನ್ನೊಂದು ಜೋಡಣೆಯೂ ಸಿಗುತ್ತದೆ. ಸ್ಕ್ರೂಗಳ ಎಣ್ಣೆ ಪೆಟ್ರೋಲಿನಿಂದ ಒರೆಸಿ, ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ, ಒಂದು ರಾತ್ರಿ ಒಣಗಲು ಬಿಡಿ. ಕೆಂಪು ಲಾಕ್‌ಟೈಟ್ ಬೇಡ, ಬಿಚ್ಚಲು ಕಾಯಿಸಬೇಕಾಗುತ್ತದೆ. ಅಲೆನ್ ಕೀ ಗಿಡ್ಡ ತುದಿ ಹಿಡಿದು ಎರಡು ಬೆರಳಿನ ಬಲ, ಅಷ್ಟೇ. ಸ್ಕ್ರೂ ತಲೆಯಿಂದ ಕ್ಲಾಂಪ್‌ವರೆಗೆ ಉಗುರುಬಣ್ಣದಲ್ಲೊಂದು ಗೆರೆ ಎಳೆದರೆ ಯಾವುದು ತಿರುಗಿದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಹೊಡೆದಾಗ ಚುಕ್ಕೆ ಕ್ಷಣ ಆರಿ ಮತ್ತೆ ಹೊತ್ತಿದರೆ ಬ್ಯಾಟರಿ ಮುಗಿದಿಲ್ಲ, ಬ್ಯಾಟರಿಗೆ ತಾಗುವ ಒಳಗಿನ ಪಟ್ಟಿ ಒದೆತಕ್ಕೆ ಬಿಡುತ್ತಿದೆ. ಮರದ ಟೂತ್‌ಪಿಕ್‌ನಿಂದ ಪಟ್ಟಿಯನ್ನು ಒಂಚೂರು ಮೇಲೆತ್ತಿ.

ನಮ್ಮ ಕಡೆಯ ಬಿಸಿಲು ಬೇರೆ ಇದೆಯಲ್ಲ. ಏಪ್ರಿಲ್ ಮಧ್ಯಾಹ್ನ ಸುಣ್ಣ ಬಳಿದ ಗೋಡೆಯ ಮುಂದೆ ಬಿಳಿ ಕಾಗದ ಅಂಟಿಸಿದರೆ ಅಗ್ಗದ ಡಾಟ್ ಕೊನೇ ಮೆಟ್ಟಿಲಿಗೆ ಏರಿಸಿದರೂ ಚುಕ್ಕೆ ಕರಗಿಹೋಗುತ್ತದೆ. ಸಂಜೆ ಐದೂವರೆಗೆ ಅದೇ ಡಾಟ್ ಚೆಂದ, ಬೆಳಕನ್ನು ಚುಕ್ಕೆ ಕಂಡೂ ಕಾಣದ ಮಟ್ಟಕ್ಕೆ ಇಳಿಸಿದಷ್ಟೂ ಅಂಚು ಚೂಪಾಗುತ್ತದೆ. ತೆರೆದ ಮಾದರಿಯ ಡಾಟ್‌ನಲ್ಲಿ ದೀಪದ ಕಣ್ಣಿಗೆ ಧೂಳು ಕೂತರೆ ಚುಕ್ಕೆ ಹರಿದಂತೆ ಕಾಣುತ್ತದೆ. ಚಿತ್ರದುರ್ಗದಲ್ಲಿ ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ಈ ಧೂಳನ್ನೂ ತರುತ್ತದೆ. ಅಲ್ಲಿಯವರು ಕೊಳವೆಯಾಕಾರದ ಮುಚ್ಚಿದ ಡಾಟ್ ಕೊಳ್ಳುವುದೇ ಲೇಸು. ಲುಂಗಿಯ ಅಂಚಿನಿಂದ ಗಾಜು ಒರೆಸುವ ಚಟ ಬಿಡಿ, ರಬ್ಬರ್ ಬ್ಲೋವರ್ ಇಟ್ಟುಕೊಳ್ಳಿ.

ಓಪನ್ ಸೈಟಿಗೂ ಬಿಸಿಲಿನ ಕಾಟ ಇದೆ. ಹೊಳೆಯುವ ಕಡ್ಡಿಗೆ ಒಂದು ಪಕ್ಕದಿಂದ ಬಿಸಿಲು ಬಿದ್ದರೆ ಹೊಳೆಯುವ ಅಂಚನ್ನೇ ಕಣ್ಣು ಕಡ್ಡಿ ಎಂದು ಓದುತ್ತದೆ, ಮಧ್ಯ ತಪ್ಪುತ್ತದೆ. ಮದ್ದು ದೇವರ ಮನೆಯಲ್ಲೇ ಇದೆ. ರೈಫಲ್ ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು, ನಳಿಗೆ ತುದಿಯ ಎಣ್ಣೆ ಒರೆಸಿ, ತಟ್ಟೆಯಲ್ಲಿ ಒಂದು ಬಿಲ್ಲೆ ಕರ್ಪೂರ ಹಚ್ಚಿ ಜ್ವಾಲೆಯ ತುದಿಯ ಹೊಗೆಯಲ್ಲಿ ಕಡ್ಡಿಯನ್ನು ಎರಡು ಮೂರು ಸಲ ಆಡಿಸಿ. ಕೂರುವ ಮಸಿ ಯಾವ ಬಣ್ಣಕ್ಕೂ ಬಾರದಷ್ಟು ಕಪ್ಪು, ಚೂರೂ ಮಿನುಗುವುದಿಲ್ಲ. ಕೈ ತಾಗಿದರೆ ಹೋಗುತ್ತದೆ, ಹಾಗಾಗಿ ಪ್ರತಿ ಸಂಜೆಯ ಕೆಲಸ; ಮುಗಿದ ಮೇಲೆ ಹತ್ತಿಯಿಂದ ಒರೆಸಿ ಒಂದು ಹನಿ ಎಣ್ಣೆ. ಹರಳೆಣ್ಣೆ ದೀಪದ ಮಸಿಯೂ ಆಗುತ್ತದೆ, ಕರ್ಪೂರದ್ದು ಬೇಗ. ಲೋಹದ ಕಡ್ಡಿಗೆ ಮಾತ್ರ, ಪ್ಲಾಸ್ಟಿಕ್ ಆದರೆ ಕರಗಿ ಬಾಗುತ್ತದೆ. ಕೆಂಪು ಹಸಿರು ಫೈಬರ್ ಇರುವ ಸೈಟ್ ನಮ್ಮ ಬಿಸಿಲಿನಲ್ಲಿ ಬಲ್ಬಿನಂತೆ ಉರಿದು ಅಂಚು ಕದಡುತ್ತದೆ. ಅದರ ಮೇಲೆ ಕಪ್ಪು ಮಾರ್ಕರ್ ಎಳೆಯಿರಿ. ಹಿಂದಿನ ಕಚ್ಚಿನಲ್ಲಿ ಕಡ್ಡಿಯ ಎರಡೂ ಬದಿ ಸಮನಾದ ಬೆಳಕಿನ ಗೆರೆ, ತಲೆ ಸಮಮಟ್ಟ. ಎರಡು ಸೈಟುಗಳ ನಡುವೆ 45 ಸೆಂ.ಮೀ. ಇದ್ದರೆ ಅಲ್ಲಿನ 0.1 ಮಿ.ಮೀ. ತಪ್ಪು 10 ಮೀಟರಿನಲ್ಲಿ 2.2 ಮಿ.ಮೀ.

ಇಷ್ಟೆಲ್ಲ ಬೈದರೂ ಡಾಟ್ ಮಾರಿಲ್ಲ. ಕಾರಣ ವಯಸ್ಸು. ನಲವತ್ತೈದು ದಾಟಿದ ಕಣ್ಣಿಗೆ ಹಿಂದಿನ ಕಚ್ಚು, ಮುಂದಿನ ಕಡ್ಡಿ, ಗುರಿ ಎಂಬ ಮೂರು ದೂರಗಳಲ್ಲಿ ಹಿಂದಿನದು ಹೊಗೆಯಂತೆ, ಕಡ್ಡಿ ಉಣ್ಣೆಯಂತೆ. ಓದುವ ಕನ್ನಡಕ ಹಾಕಿದರೆ ಗುರಿಯೇ ಹೋಗುತ್ತದೆ. ಡಾಟ್‌ನಲ್ಲಿ ಎರಡೂ ಕಣ್ಣು ತೆರೆದು ಗುರಿಯನ್ನೇ ನೋಡಿದರೆ ಸಾಕು, ಚುಕ್ಕೆ ತಾನೇ ಅಲ್ಲಿ ಬಂದು ಕೂರುತ್ತದೆ. ಸಂಜೆ ಹಗ್ಗಕ್ಕೆ ಕಟ್ಟಿದ ಡಬ್ಬ ತೂಗಾಡುವಾಗ ಹೊಡೆಯಲು ಇದರಷ್ಟು ಖುಷಿ ಓಪನ್ ಸೈಟಿನಲ್ಲಿಲ್ಲ, ಒಪ್ಪಬೇಕು. ಚುಕ್ಕೆ ಅಲ್ಪವಿರಾಮದಂತೆ ಬಾಲ ಬಿಟ್ಟು ಕಂಡರೆ ಡಾಟ್ ಬೈಯುವ ಮುಂಚೆ ಮೊಬೈಲ್ ಕ್ಯಾಮೆರಾದಲ್ಲಿ ಅದನ್ನು ನೋಡಿ. ಫೋಟೋದಲ್ಲಿ ದುಂಡಗಿದ್ದರೆ ದೋಷ ಕಣ್ಣಿನದು, ಅಸ್ಟಿಗ್ಮ್ಯಾಟಿಸಂ, ಕನ್ನಡಕದಂಗಡಿಗೆ ಹೋಗಿ.

ಹೊಂದಿಸುವಾಗ ಒಂದು ಎಚ್ಚರ. ನಳಿಗೆ ಸ್ವಭಾವತಃ ಸ್ವಲ್ಪ ತಗ್ಗಿರುವ ರೈಫಲ್‌ಗಳಲ್ಲಿ ಡಾಟ್‌ನ ಸ್ಕ್ರೂ ಪೂರ್ತಿ ತಿರುಗಿಸಿದರೂ ಪೆಲೆಟ್ ಕೆಳಗೇ ಬೀಳುತ್ತದೆ. ಸ್ಕ್ರೂವನ್ನು ತುದಿಗೆ ಹಿಂಡಬೇಡಿ, ಒಳಗಿನ ಸ್ಪ್ರಿಂಗ್ ಬಿಟ್ಟುಕೊಟ್ಟು ಗುರಿ ಅಲೆಯತೊಡಗುತ್ತದೆ. ಮಧ್ಯಕ್ಕೆ ತಂದು ಡಾಟ್‌ನ ಹಿಂದಿನ ಕಾಲಿನಡಿ ತಂಪು ಪಾನೀಯದ ಡಬ್ಬದ ತಗಡಿನ ತುಂಡು ಇಡಿ. ಕಾಲುಗಳ ನಡುವೆ 100 ಮಿ.ಮೀ. ಇದ್ದರೆ 0.1 ಮಿ.ಮೀ. ತಗಡು 10 ಮೀಟರಿನಲ್ಲಿ 10 ಮಿ.ಮೀ. ಮೇಲೆತ್ತುತ್ತದೆ. ನಳಿಗೆಯ ಮಧ್ಯದಿಂದ 45 ಮಿ.ಮೀ. ಎತ್ತರದ ಡಾಟ್ 10 ಮೀಟರಿಗೆ ಹೊಂದಿದ್ದರೆ, ಸೆಕೆಂಡಿಗೆ 200 ಮೀಟರ್ ಹೋಗುವ ಪೆಲೆಟ್ 5 ಮೀಟರಿನಲ್ಲಿ ಸುಮಾರು 2 ಸೆಂ.ಮೀ. ಕೆಳಗೆ, 15 ಮೀಟರಿನಲ್ಲಿ ಸುಮಾರು 1 ಸೆಂ.ಮೀ. ಮೇಲೆ ಬೀಳುತ್ತದೆ. 20 ಮಿ.ಮೀ. ಎತ್ತರದ ಓಪನ್ ಸೈಟಿನಲ್ಲಿ 15 ಮೀಟರಿನ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಮೆಕ್ಕೆಜೋಳದ ಹೊಲಕ್ಕೆ ಬರುವ ನವಿಲಿಗೆಂದು ಡಾಟ್ ಕೇಳುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ಯಾವ ಸೈಟ್ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಈಗಿನ ವ್ಯವಸ್ಥೆ ಹೀಗಿದೆ: ಮುಂದಿನ ಕಡ್ಡಿ ನಳಿಗೆ ಬಿಟ್ಟು ಇಳಿದಿಲ್ಲ, ಡಾಟ್ ಮಾತ್ರ ಡಬ್ಬ ಹೊಡೆಯುವ ಸಂಜೆಗಳಿಗೆ ಏರುತ್ತದೆ, ರೈಲಿನ ಮೇಲೆ ಅದರ ಜಾಗಕ್ಕೆ ಉಗುರುಬಣ್ಣದ ಗುರುತಿದೆ. ತೆಗೆದು ಹಾಕಿದಾಗಲೆಲ್ಲ ಗುರಿ ನೋಡಿಕೊಳ್ಳಲು ಐದು ಪೆಲೆಟ್ ಖರ್ಚು. ಮಳೆಗಾಲ ಶುರುವಾದ ಕೂಡಲೇ ಸಿಆರ್2032 ಬ್ಯಾಟರಿ ತೆಗೆದು ಡಬ್ಬಿಗೆ. ಮರೆತರೆ ದಸರಾ ಹೊತ್ತಿಗೆ ಪಟ್ಟಿಯ ಮೇಲೆ ಹಸಿರು ಕಿಲುಬು.