ಹಳೇ ಫೋರ್ಡ್ ಪಿಕಪ್ ಎಂಜಿನ್ ಬಿಚ್ಚಿಸುವ ಮುಂಚೆ ಇದನ್ನು ಓದಿ

1950ರ ದಶಕದ ಫೋರ್ಡ್ ಪಿಕಪ್ ಕೊಳ್ಳುವ ಆಸೆ ಇರುವವರು, ಈಗಾಗಲೇ ಕೊಂಡು ಎಂಜಿನ್ ಕೆಲಸಕ್ಕೆ ಗ್ಯಾರೇಜ್ ಹುಡುಕುತ್ತಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. 1954ರಿಂದ 1964ರವರೆಗಿನ ಎಫ್-100 (ಫೋರ್ಡ್ ಪಿಕಪ್‌ನ ಒಂದು ಮಾದರಿ) ಗಾಡಿಗಳಲ್ಲಿ ಕಂಪನಿಯೇ ಹಾಕಿದ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್, ಇದ್ದರೆ ಅದು ವೈ-ಬ್ಲಾಕ್ ಎಂಜಿನ್. ಬ್ಲಾಕಿನ, ಅಂದರೆ ಎಂಜಿನ್ನಿನ ಒಡಲಿನ, ಎರಡೂ ಪಕ್ಕ ಕ್ರ್ಯಾಂಕ್‌ಶಾಫ್ಟ್‌ಗಿಂತ (ಪಿಸ್ಟನ್‌ಗಳು ತಿರುಗಿಸುವ ದಂಡ) ಕೆಳಗಿನವರೆಗೂ ಇಳಿದಿರುತ್ತದೆ. ಮುಂದಿನಿಂದ ನೋಡಿದರೆ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು. ಗಟ್ಟಿ ಎಂಜಿನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಗುಣ ಗೊತ್ತಿಲ್ಲದವರ ಕೈಗೆ ಸಿಕ್ಕರೆ ಬೇಗ ಹಾಳಾಗುತ್ತದೆ. ನನ್ನ ಗಾಡಿಯಲ್ಲಿ ಆಗಿದ್ದು ಅದೇ. ಐದು ಸಾವಿರ ಡಾಲರಿಗೂ ಜಾಸ್ತಿ ಕೊಟ್ಟು "ಪೂರ್ತಿ ರೀಬಿಲ್ಡ್" ಮಾಡಿಸಿದ ಎಂಜಿನ್ ಒಂದು ಬೇಸಿಗೆಯನ್ನೂ ದಾಟಲಿಲ್ಲ.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ. ಗಾಡಿ 1956ರ ಎಫ್-100. ಈ ವರ್ಷದ ಗಾಡಿಗೆ ಬೇಡಿಕೆ ಜಾಸ್ತಿ, ಯಾಕೆಂದರೆ ಮುಂದಿನ ಗಾಜು ಎರಡೂ ಪಕ್ಕಕ್ಕೆ ಬಾಗಿ ಸುತ್ತಿಕೊಂಡಿರುವ ಆ ಕ್ಯಾಬ್ ಬಂದಿದ್ದು ಅದೊಂದೇ ವರ್ಷ. ಫೋರ್ಡ್ 6 ವೋಲ್ಟ್ ಬಿಟ್ಟು 12 ವೋಲ್ಟಿಗೆ ಬಂದಿದ್ದೂ ಆಗಲೇ. ಹಾಗಾಗಿ ಬ್ಯಾಟರಿ, ಬಲ್ಬಿಗೆ ಪರದಾಟ ಇಲ್ಲ. 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಗಾಡಿಗಳಿಗೆ ಇಲ್ಲಿ ಹೊಗೆ ತಪಾಸಣೆಯೂ ಇಲ್ಲ. ಇಟ್ಟುಕೊಳ್ಳುವುದಕ್ಕೆ ಎಲ್ಲ ರೀತಿಯಲ್ಲೂ ಒಳ್ಳೆಯ ಗಾಡಿ.

ಮಾರಿದವನು "ಇದರಲ್ಲಿರುವುದು 312, ಥಂಡರ್‌ಬರ್ಡ್ ಕಾರಿನ ಎಂಜಿನ್" ಎಂದು ಹೇಳಿಯೇ ಬೆಲೆ ಏರಿಸಿದ್ದ. ಈ ಮಾತು ಬಹಳ ಕಡೆ ಕೇಳುತ್ತೀರಿ. 1956ರ ಪಿಕಪ್‌ಗೆ ಕಂಪನಿ ಹಾಕುತ್ತಿದ್ದ ವಿ8 272 ಕ್ಯೂಬಿಕ್ ಇಂಚಿನದು. 272, 292, 312, ಮೂರೂ ಹೊರಗಿನಿಂದ ಒಂದೇ ಥರ. ಬ್ಲಾಕಿನ ಮೇಲೆ ಇಸಿಜೆಡ್ ಎಂಬ ಅಕ್ಷರ ತೋರಿಸಿ "ನೋಡಿ, 312" ಅನ್ನುತ್ತಾರೆ. ಆ ಅಕ್ಷರ 292 ಬ್ಲಾಕಿನ ಮೇಲೂ ಇರುತ್ತದೆ, ಅದನ್ನು ನಂಬಬೇಡಿ. ಅಳತೆಯನ್ನು ನಂಬಿ. 272 ಮತ್ತು 292ರಲ್ಲಿ ಪಿಸ್ಟನ್ ಓಡುವ ದೂರ 3.30 ಇಂಚು, 312ರಲ್ಲಿ 3.44. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಕಡ್ಡಿ ಇಳಿಸಿ, ಕೈಯಿಂದ ಎಂಜಿನ್ ತಿರುಗಿಸಿದರೆ ಅಂದಾಜು ಸಿಗುತ್ತದೆ. ಗಾಡಿಯ ನಂಬರನ್ನೂ ನೋಡಿ. ಎಫ್10ವಿ6 ಎಂದು ಶುರುವಾದರೆ ಕಾರ್ಖಾನೆಯಿಂದಲೇ ವಿ8 ಬಂದ ಗಾಡಿ. ವಿ ಜಾಗದಲ್ಲಿ ಡಿ ಇದ್ದರೆ ಅದು ಆರು ಸಿಲಿಂಡರಿನ ಗಾಡಿ, ವಿ8 ಆಮೇಲೆ ಯಾರೋ ಕೂರಿಸಿದ್ದು.

ಮಾರಿದವನ ಸುಳ್ಳು ಹೇಗೋ ಸಹಿಸಬಹುದಿತ್ತು. ಗ್ಯಾರೇಜಿನವರು ಮಾಡಿದ್ದೇ ಬೇರೆ. ಹೆಸರು ಬರೆಯುವುದಿಲ್ಲ. ಅಂಗಡಿ ನೋಡುವುದಕ್ಕೆ ಚೆನ್ನಾಗಿತ್ತು. ಗೋಡೆ ತುಂಬ ರೇಸಿನ ಫೋಟೋ, ನೆಲದ ಮೇಲೆ ಆಗ ತಾನೇ ಜೋಡಿಸಿದ ಷೆವ್ರೊಲೆ ಎಂಜಿನ್‌ಗಳು. "ವಿ8 ಎಲ್ಲಾ ಒಂದೇ ಸಾರ್, ನಾವು ನೂರಾರು ಕಟ್ಟಿದ್ದೀವಿ" ಎಂದರು. ಈ ಮಾತು ಯಾವ ಅಂಗಡಿಯಲ್ಲಿ ಕೇಳಿದರೂ ಗಾಡಿ ಕೊಡಬೇಡಿ. ವಿ8 ಎಲ್ಲಾ ಒಂದೇ ಅಲ್ಲ. ಷೆವ್ರೊಲೆಯಲ್ಲಿ ಕೈ ಪಳಗಿದವರು ಅದೇ ಅಭ್ಯಾಸದಲ್ಲಿ ವೈ-ಬ್ಲಾಕ್ ಜೋಡಿಸಿದರೆ ಎಲ್ಲೆಲ್ಲಿ ಎಡವುತ್ತಾರೆ ಅನ್ನುವುದಕ್ಕೆ ನನ್ನ ಎಂಜಿನ್ನೇ ಸಾಕ್ಷಿ.

ಎಂಜಿನ್ ವಾಪಸ್ ಬಂದಾಗ ಹೊಸ ಬಣ್ಣ, ಹೊಳೆಯುವ ರಾಕರ್ ಕವರ್ (ಎಂಜಿನ್ ಮೇಲಿನ ಮುಚ್ಚಳ), ಹೊಸ ಕಾರ್ಬ್ಯುರೇಟರ್. ಮೇಲೆಲ್ಲಾ ಥಳಕು, ಒಳಗೆಲ್ಲಾ ಹುಳುಕು. ಹೈವೇ 50 ಹಿಡಿದು ಪ್ಲಾಸರ್‌ವಿಲ್ ಕಡೆಗೆ ಏರು ಶುರುವಾದ ತಕ್ಷಣ ಗಾಡಿ ಎಳೆಯುವುದನ್ನೇ ನಿಲ್ಲಿಸುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಕಾರ್ಬ್ಯುರೇಟರ್ ಒಳಗಿನಿಂದ ಪಟ್ ಎಂದು ಸದ್ದು. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಟೆಂಪರೇಚರ್ ಮುಳ್ಳು ಕೆಳಗಿಳಿಯುತ್ತಲೇ ಇರಲಿಲ್ಲ. ಕೇಳಿದಾಗಲೆಲ್ಲ ಒಂದೊಂದು ಉತ್ತರ. ಹೊಸ ಎಂಜಿನ್, ಸ್ವಲ್ಪ ಓಡಲಿ, ಸೆಟ್ ಆಗುತ್ತೆ ಅಂದರು. ರೇಡಿಯೇಟರ್ ಹಳೆಯದು ಅಂದರು. ಹೊಸ ರೇಡಿಯೇಟರ್ ಹಾಕಿಸಿದರೂ ಅದೇ ಕಥೆ. ಆಮೇಲೆ ಎಂಜಿನ್ ಮೇಲ್ಭಾಗದಿಂದ ಕೀಚ್ ಕೀಚ್ ಎಂಬ ಸದ್ದು ಶುರುವಾಯಿತು. "ಹಳೇ ಫೋರ್ಡ್ ಎಲ್ಲಾ ಹೀಗೇ ಸಾರ್" ಎಂದರು. ಆ ಸದ್ದು ಕೇಳಿಯೂ ಒಬ್ಬ ಎಂಜಿನ್ ಕೆಲಸದವನು ಗಾಡಿ ಓಡಿಸಿಕೊಂಡು ಹೋಗಿ ಅಂದಿದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಕೊನೆಗೆ ಈ ಎಂಜಿನ್ನುಗಳಲ್ಲೇ ಕೆಲಸ ಮಾಡಿದ ಹಿರಿಯ ಮೆಷಿನಿಸ್ಟ್ ಒಬ್ಬರು ಸಿಕ್ಕರು. ಅವರು ಮೊದಲು ಮಾಡಿದ್ದು ಒಂದೇ ಕೆಲಸ. ಎರಡೂ ರಾಕರ್ ಕವರ್ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿದರು. ಆಯಿಲ್ ಪ್ರೆಷರ್ ಗೇಜ್ ಚೆನ್ನಾಗಿಯೇ ತೋರಿಸುತ್ತಿತ್ತು. ಆದರೆ ಒಂದು ಕಡೆಯ ಎಂಟು ರಾಕರ್‌ಗಳಲ್ಲಿ (ವಾಲ್ವ್ ಒತ್ತಿ ತೆರೆಯುವ ತೋಳುಗಳು) ಒಂದರಿಂದಲೂ ಹನಿ ಆಯಿಲ್ ಬರಲಿಲ್ಲ. ಕಬ್ಬಿಣದ ಮೇಲೆ ಕಬ್ಬಿಣ ಒಣಗಿ ಉಜ್ಜುತ್ತಿತ್ತು. ಶಾಫ್ಟ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ರಾಕರ್ ಕೂರುವ ಜಾಗದಲ್ಲೆಲ್ಲ ಕೆಳಭಾಗ ಸವೆದು ಮೆಟ್ಟಿಲಾಗಿತ್ತು, ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು. ಕೆಲವು ಕಡೆ ಬಿಸಿಗೆ ನೀಲಿಗಟ್ಟಿತ್ತು.

ವೈ-ಬ್ಲಾಕಿನ ದೊಡ್ಡ ಕಾಯಿಲೆ ಇದೇ. ಮೇಲಿನ ರಾಕರ್‌ಗಳಿಗೆ ಆಯಿಲ್ ಹೋಗುವುದು ಕ್ಯಾಮ್‌ಶಾಫ್ಟಿನ (ವಾಲ್ವ್‌ಗಳನ್ನು ಓಡಿಸುವ ದಂಡ) ನಡುವಿನ ಬೇರಿಂಗ್ ಮೂಲಕ. ಅಲ್ಲಿಂದ ಸಣ್ಣ ದಾರಿಯಲ್ಲಿ ಬ್ಲಾಕ್ ಹತ್ತಿ, ಹೆಡ್ ಹತ್ತಿ, ರಾಕರ್ ಶಾಫ್ಟ್ ಒಳಗೆ ಸೇರುತ್ತದೆ. ಹಳೇ ಆಯಿಲಿನ ಗಸಿ ಆ ದಾರಿಯಲ್ಲಿ ಕಟ್ಟಿಕೊಂಡರೆ ಮೇಲಕ್ಕೆ ಏನೂ ಹೋಗುವುದಿಲ್ಲ. ಬೇರಿಂಗ್ ಸವೆದರೆ ಅಥವಾ ಕೂರಿಸುವಾಗ ಅದರ ತೂತು ಬ್ಲಾಕಿನ ತೂತಿಗೆ ಸರಿಯಾಗಿ ಹೊಂದದಿದ್ದರೂ ಅಷ್ಟೇ. ಕೆಳಗಿನ ಬೇರಿಂಗುಗಳಿಗೆ ಆಯಿಲ್ ಸಿಗುತ್ತಲೇ ಇರುವುದರಿಂದ ಗೇಜ್ ನೋಡಿ ಇದು ಗೊತ್ತಾಗುವುದಿಲ್ಲ. ನನ್ನ ಎಂಜಿನ್ನಿನಲ್ಲಿ ಹೊಸ ಬೇರಿಂಗ್ ಹಾಕಿದ್ದೇನೋ ನಿಜ, ಆದರೆ ತೂತು ಅರ್ಧಕ್ಕರ್ಧ ಮುಚ್ಚಿತ್ತು. ಒಂದು ಕಡೆಯ ದಾರಿಯೊಳಗೆ ಗಟ್ಟಿಯಾದ ಕಪ್ಪು ಗಸಿ ಹಾಗೇ ಇತ್ತು. ಬ್ಲಾಕನ್ನು ಬಿಸಿ ತೊಟ್ಟಿಯಲ್ಲಿ ಅದ್ದಿ ತೆಗೆದಿದ್ದಾರೆ, ದಾರಿಯೊಳಗೆ ಬ್ರಷ್ ಹಾಕಿ ತಿಕ್ಕಿಲ್ಲ.

ಇದಕ್ಕೆ ಹೊರಗಿನಿಂದ ಪೈಪ್ ಎಳೆದು ರಾಕರ್‌ಗೆ ಆಯಿಲ್ ಕೊಡುವ ಕಿಟ್ ಸಿಗುತ್ತದೆ. ಗ್ಯಾರೇಜಿನವರು ಆಮೇಲೆ ಅದನ್ನೇ ಹಾಕಿಕೊಡುತ್ತೇವೆ ಅಂದರು. ಎಂಜಿನ್ ಬಿಚ್ಚದೆ ಹೇಗೋ ಓಡಿಸಬೇಕಾದವರಿಗೆ ಅದು ಆಗಬಹುದು. ದುಡ್ಡು ಕೊಟ್ಟು ಪೂರ್ತಿ ಬಿಚ್ಚಿಸಿದ ಎಂಜಿನ್ನಿಗೆ ಅದು ತೇಪೆ. ಆಯಿಲ್ ಜಾಸ್ತಿ ಹೋಗಿ ವಾಲ್ವ್ ಗೈಡ್ ಮೂಲಕ ಇಳಿದು ಹೊಗೆ ಬರುವ ಸಾಧ್ಯತೆಯೂ ಇದೆ. ಒಳಗಿನ ದಾರಿ ಶುಚಿ ಮಾಡಿ, ಬೇರಿಂಗ್ ಸರಿಯಾಗಿ ಕೂರಿಸುವುದೇ ಸರಿಯಾದ ಕೆಲಸ.

ಗಾಡಿ ಎಳೆಯದೆ ಇದ್ದದ್ದಕ್ಕೆ ಕಾರಣ ಟೈಮಿಂಗ್ ಚೈನ್, ಅಂದರೆ ಕ್ರ್ಯಾಂಕ್‌ಶಾಫ್ಟಿನಿಂದ ಕ್ಯಾಮ್‌ಶಾಫ್ಟನ್ನು ತಿರುಗಿಸುವ ಚೈನ್. ಬೇರೆ ಬಹಳಷ್ಟು ಎಂಜಿನ್ನುಗಳಲ್ಲಿ ಎರಡು ಹಲ್ಲುಗಾಲಿಗಳ ಗುರುತು ಎದುರುಬದುರು ಬರಬೇಕು. ವೈ-ಬ್ಲಾಕಿನಲ್ಲಿ ಹಾಗಲ್ಲ. ಎರಡು ಗುರುತುಗಳ ನಡುವೆ ಚೈನಿನ 12 ಪಿನ್ ಬರಬೇಕು, ಅದೂ ಆಯಿಲ್ ಪಂಪ್ ಇರುವ ಕಡೆಯಿಂದ, ಅಂದರೆ ಡ್ರೈವರ್ ಕಡೆಯಿಂದ (ಅಮೆರಿಕದ ಗಾಡಿ, ಹಾಗಾಗಿ ಎಡಗಡೆ) ಎಣಿಸಬೇಕು. ಹಿರಿಯರು ಕವರ್ ತೆಗೆದು ನನ್ನ ಎದುರಿಗೇ ಎಣಿಸಿದರು. ಒಂದು ಪಿನ್ ಲೆಕ್ಕ ತಪ್ಪಿತ್ತು. ಅಷ್ಟು ಸಾಕು, ವಾಲ್ವ್ ತೆರೆಯುವ ಹೊತ್ತೇ ಅದಲುಬದಲು. ಎಂಜಿನ್ ಓಡುತ್ತದೆ, ಆದರೆ ಜೀವ ಇರುವುದಿಲ್ಲ.

ಬಿಸಿಯಾಗುತ್ತಿದ್ದದ್ದರಲ್ಲಿ ಹೊಸ ಕಾರ್ಬ್ಯುರೇಟರಿನ ಪಾಲೂ ಇತ್ತು. 1956ರವರೆಗಿನ ಈ ಎಂಜಿನ್ನುಗಳಲ್ಲಿ ಲೋಡ್-ಓ-ಮ್ಯಾಟಿಕ್ ಎಂಬ ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಸ್ಪಾರ್ಕ್ ಹಂಚುವ ಭಾಗ) ಇರುತ್ತದೆ. ವೇಗ ಏರಿದಂತೆ ಸ್ಪಾರ್ಕ್ ಮುಂಚೆ ಬರುವ ಹಾಗೆ ಮಾಡುವುದಕ್ಕೆ ಅದರೊಳಗೆ ತೂಕದ ಬಿಲ್ಲೆಗಳಿಲ್ಲ. ಕಾರ್ಬ್ಯುರೇಟರಿನಿಂದ ಬರುವ ವ್ಯಾಕ್ಯೂಮ್ ಒಂದೇ ಅದಕ್ಕೆ ಆಧಾರ. ಅದಕ್ಕೆ ತಕ್ಕ ಹಾಗೆ ಮಾಡಿದ, ಸ್ಪಾರ್ಕ್ ವಾಲ್ವ್ ಇರುವ ಕಾರ್ಬ್ಯುರೇಟರೇ ಬೇಕು. ಅದನ್ನು ಕಿತ್ತು ಈಗಿನ ಕಾಲದ ಕಾರ್ಬ್ಯುರೇಟರ್ ಕೂರಿಸಿದರೆ ಸ್ಪಾರ್ಕ್ ತಡವಾಗಿ ಬರುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಪೆಟ್ರೋಲೂ ದಂಡ. ಎರಡರಲ್ಲಿ ಒಂದನ್ನು ಬದಲಿಸುವುದಾದರೆ ಎರಡನ್ನೂ ಬದಲಿಸಿ. 1957ರಿಂದ ಬಂದ ಡಿಸ್ಟ್ರಿಬ್ಯೂಟರಿನಲ್ಲಿ ಆ ಬಿಲ್ಲೆಗಳಿವೆ, ಅದಕ್ಕೆ ಬೇರೆ ಕಾರ್ಬ್ಯುರೇಟರ್ ನಡೆಯುತ್ತದೆ. ನನ್ನ ಹಳೇ ಕಾರ್ಬ್ಯುರೇಟರನ್ನು ಗ್ಯಾರೇಜಿನವರು ಆಗಲೇ ಎಸೆದಿದ್ದರು, ನನ್ನನ್ನು ಒಂದು ಮಾತೂ ಕೇಳದೆ.

ಇಷ್ಟು ಹೊತ್ತೂ ಇವರಿಗೆ ಈ ಎಂಜಿನ್ ಗೊತ್ತಿಲ್ಲ ಅಂದುಕೊಳ್ಳಬಹುದಿತ್ತು. ಬಿಲ್ ತೆಗೆದು ನೋಡಿದ ಮೇಲೆ ಹಾಗೆ ಅನ್ನುವುದಕ್ಕಾಗಲಿಲ್ಲ. ಬಿಲ್ಲಿನಲ್ಲಿ "312 ಮೇನ್ ಬೇರಿಂಗ್ ಸೆಟ್, ಹೊಸದು" ಎಂದು ದುಡ್ಡು ಹಾಕಿದ್ದರು. ಹಿರಿಯರು ಅಳೆದಾಗ ಎಂಜಿನ್ 312 ಅಲ್ಲ, 292. 312ರ ಕ್ರ್ಯಾಂಕ್‌ಶಾಫ್ಟಿನ ಮೇನ್ ಜರ್ನಲ್ (ಬೇರಿಂಗಿನೊಳಗೆ ತಿರುಗುವ ಭಾಗ) ಸುಮಾರು 2.625 ಇಂಚು, 292ರದ್ದು ಸುಮಾರು 2.5 ಇಂಚು. 312ರ ಬೇರಿಂಗ್ ಅಲ್ಲಿ ಕೂರುವುದೇ ಇಲ್ಲ. ಒಳಗಿದ್ದದ್ದು ಸವೆದ ಹಳೇ ಬೇರಿಂಗುಗಳೇ. ಮಾರಿದವನು 312 ಎಂದಿದ್ದನ್ನೇ ಕೇಳಿಕೊಂಡು, ಅಳೆಯದೆ, ಹಾಕದೆ, ಬಿಲ್ ಬರೆದಿದ್ದಾರೆ.

ಟ್ಯಾಪೆಟ್ (ಕ್ಯಾಮ್‌ಶಾಫ್ಟಿನ ಮೇಲೆ ಕೂತು ಅದರ ಏರಿಳಿತವನ್ನು ಮೇಲಕ್ಕೆ ದಾಟಿಸುವ ತುಂಡು) ವಿಷಯವೂ ಹಾಗೇ. ಈ ಎಂಜಿನ್ನಿನ ಟ್ಯಾಪೆಟ್‌ಗಳ ತಳ ಅಣಬೆಯ ಹಾಗೆ ಅಗಲ. ಮೇಲಿನಿಂದ ಎಳೆದರೆ ಬರುವುದಿಲ್ಲ. ಎಂಜಿನ್ ಇಳಿಸಿ, ಬುಡಮೇಲು ಮಾಡಿ, ಕ್ಯಾಮ್‌ಶಾಫ್ಟ್ ಹೊರಗೆಳೆದ ಮೇಲೆ ಕೆಳಗಿನಿಂದ ತೆಗೆಯಬೇಕು. ಬಿಲ್ಲಿನಲ್ಲಿ 16 ಹೊಸ ಟ್ಯಾಪೆಟ್ ಇದ್ದವು. ಹಿರಿಯರು ಒಂದೊಂದರ ತಳಕ್ಕೂ ಉಕ್ಕಿನ ಸ್ಕೇಲ್ ಅಡ್ಡ ಹಿಡಿದು ಲೈಟಿಗೆ ತೋರಿಸಿದರು. ಹೊಸ ಟ್ಯಾಪೆಟಿನ ತಳ ನಡುವೆ ಒಂದಿಷ್ಟೇ ಉಬ್ಬಿರುತ್ತದೆ, ಬೆಳಕು ಅಂಚಿನಲ್ಲಿ ಕಾಣುತ್ತದೆ. ನನ್ನವುಗಳಲ್ಲಿ ಬೆಳಕು ಕಂಡಿದ್ದು ನಡುವೆ. ಸವೆದು ಕುಳಿಬಿದ್ದ ಹಳೇ ಟ್ಯಾಪೆಟ್‌ಗಳನ್ನೇ ಹೊಸ ಕ್ಯಾಮ್‌ಶಾಫ್ಟಿನ ಮೇಲೆ ಹಾಕಿದ್ದರು. ಕ್ಯಾಮಿನ ಉಬ್ಬುಗಳು ಆಗಲೇ ತಿಂದುಹೋಗಲು ಶುರುವಾಗಿದ್ದವು.

ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಕಾನೂನಿನ ಬೆಂಬಲ ಇದೆ, ಬಳಸಿಕೊಳ್ಳಿ. ಕೆಲಸ ಶುರು ಮಾಡುವ ಮುಂಚೆ ಗ್ಯಾರೇಜ್ ಲಿಖಿತ ಎಸ್ಟಿಮೇಟ್ ಕೊಡಬೇಕು. ನಿಮ್ಮ ಒಪ್ಪಿಗೆ ಇಲ್ಲದೆ ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಗಾಡಿ ಕೊಡುವಾಗಲೇ "ತೆಗೆದ ಹಳೇ ಸಾಮಾನು ನನಗೆ ವಾಪಸ್ ಬೇಕು" ಎಂದು ವರ್ಕ್ ಆರ್ಡರಿನಲ್ಲಿ ಬರೆಸಿ. ಕೇಳಿದರೆ ಅವರು ಕೊಡಲೇಬೇಕು. ಆ ಒಂದು ಸಾಲು ಇದ್ದರೆ ಹಾಕದ ಬೇರಿಂಗಿಗೆ ಬಿಲ್ ಬರೆಯುವುದು ಕಷ್ಟ. ದೂರು ಕೊಡುವುದು ಗ್ಯಾರೇಜುಗಳನ್ನು ನೋಡಿಕೊಳ್ಳುವ ರಾಜ್ಯದ ಇಲಾಖೆ ಬ್ಯೂರೋ ಆಫ್ ಆಟೊಮೋಟಿವ್ ರಿಪೇರ್‌ಗೆ. ದೂರಿಗೆ ಏನೂ ಫೀಸಿಲ್ಲ, ಅವರು ಎರಡೂ ಕಡೆಯವರನ್ನು ಮಾತಾಡಿಸುತ್ತಾರೆ. ಅಲ್ಲಿ ಬಗೆಹರಿಯದಿದ್ದರೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ. 12,500 ಡಾಲರ್‌ವರೆಗೆ ನಾವೇ ಕೇಸ್ ಹಾಕಬಹುದು, ಎದುರಿನವರೂ ವಕೀಲರನ್ನು ಕರೆತರುವ ಹಾಗಿಲ್ಲ. ನಾನು ದೂರು ಕೊಟ್ಟಾಗಿದೆ, ಉತ್ತರಕ್ಕೆ ಕಾಯುತ್ತಿದ್ದೇನೆ. ಬೇರೆ ರಾಜ್ಯದಲ್ಲಿರುವವರು ನಿಮ್ಮಲ್ಲಿನ ನಿಯಮ ನೋಡಿಕೊಳ್ಳಿ, ಎಲ್ಲ ಕಡೆ ಒಂದೇ ಥರ ಇರುವುದಿಲ್ಲ.

ಗ್ಯಾರೇಜಿನವರ ಹತ್ತಿರ ಕೇಳಬೇಕಾದ ಪ್ರಶ್ನೆ ನನ್ನ ಪ್ರಕಾರ ಒಂದೇ. ವೈ-ಬ್ಲಾಕಿನ ಟೈಮಿಂಗ್ ಚೈನ್ ಹೇಗೆ ಹಾಕುತ್ತೀರಿ? ಹನ್ನೆರಡು ಪಿನ್ ಎಂಬ ಮಾತು ತಾನಾಗೇ ಅವರ ಬಾಯಿಂದ ಬರಬೇಕು. ಬರದಿದ್ದರೆ ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ, ಎಷ್ಟೇ ದೂರ ಆದರೂ ಗೊತ್ತಿರುವವರ ಹತ್ತಿರ ಒಯ್ಯಿರಿ. ಕೆಲಸ ಮುಗಿದ ಮೇಲೆ ಬೋರ್ (ಸಿಲಿಂಡರಿನ ಒಳಗಿನ ಅಗಲ) ಎಷ್ಟು, ಜರ್ನಲ್ ಎಷ್ಟು, ಯಾವ ಬೇರಿಂಗ್ ಹಾಕಿದ್ದು, ಎಲ್ಲದರ ಅಳತೆ ಬರೆದ ಹಾಳೆ ಕೇಳಿ. ಬಿಚ್ಚುವಾಗ, ಜೋಡಿಸುವಾಗ ಫೋಟೋ ತೆಗೆಯಲು ಹೇಳಿ. ಕೊನೆಯ ಕಂತು ಕೊಡುವ ಮುಂಚೆ ರಾಕರ್ ಕವರ್ ತೆಗೆಸಿ ಎಂಜಿನ್ ಸ್ಟಾರ್ಟ್ ಮಾಡಿಸಿ. ಬಿಸಿಯಾದ ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಹದಿನಾರೂ ರಾಕರ್‌ನಿಂದ ಆಯಿಲ್ ಜಿನುಗಬೇಕು. ಹದಿನೈದು ಸಾಲದು.

ಹೊಸ ಕ್ಯಾಮ್ ಹಾಕಿಸಿದವರು ಮೊದಲ ಸ್ಟಾರ್ಟ್ ಆದ ತಕ್ಷಣ ಸುಮ್ನೆ ಐಡ್ಲಿಂಗಿನಲ್ಲಿ ಬಿಡಬೇಡಿ. ಸುಮಾರು 2,000 ಆರ್‌ಪಿಎಂ ಆಸುಪಾಸಿನಲ್ಲಿ 20 ನಿಮಿಷ ಓಡಬೇಕು, ಆಗ ಕ್ಯಾಮಿಗೆ ಆಯಿಲ್ ಚೆನ್ನಾಗಿ ಸಿಡಿಯುತ್ತದೆ. ಈಗಿನ ಕಾರುಗಳ ಆಯಿಲಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಎಂದು ಜಿಂಕ್ ಕಡಿಮೆ ಮಾಡಿದ್ದಾರೆ. ಹಳೇ ಎಂಜಿನ್ನಿಗೆ ಜಿಂಕ್ ಜಾಸ್ತಿ ಇರುವ ಆಯಿಲ್ಲೇ ಬೇಕು.

ನನ್ನ ಎಂಜಿನ್ ಈಗ ಹಿರಿಯರ ಷೆಡ್ಡಿನಲ್ಲಿದೆ. ಬ್ಲಾಕ್ ಉಳಿಯಿತು, ಕ್ರ್ಯಾಂಕ್‌ಶಾಫ್ಟ್ ಗ್ರೈಂಡ್ ಮಾಡಿದರೆ ನಡೆಯುತ್ತದೆ ಅಂದಿದ್ದಾರೆ. ಕ್ಯಾಮ್, ಟ್ಯಾಪೆಟ್, ಒಂದು ಕಡೆಯ ರಾಕರ್ ಶಾಫ್ಟ್ ಹೊಸದಾಗಿ ಬರಬೇಕು. ತೆಗೆದ ಸಾಮಾನೆಲ್ಲ ಚೀಟಿ ಕಟ್ಟಿ ಮನೆಯಲ್ಲಿಟ್ಟಿದ್ದೇನೆ. ಸ್ಯಾಕ್ರಮೆಂಟೊ ಸುತ್ತಮುತ್ತ ಇದ್ದು ಇಂಥ ಗಾಡಿ ಕೊಳ್ಳುವ ಯೋಚನೆ ಇರುವವರು ಮೆಸೇಜ್ ಮಾಡಿ ಬನ್ನಿ. ಸವೆದ ಶಾಫ್ಟ್ ಹೇಗಿರುತ್ತದೆ, ಕುಳಿಬಿದ್ದ ಟ್ಯಾಪೆಟ್ ಹೇಗಿರುತ್ತದೆ, ಕೈಯಲ್ಲಿ ಹಿಡಿದು ನೋಡಿಕೊಂಡು ಹೋಗಬಹುದು.