‘ಎಲ್ಲಾ ಮಷಿನ್‌ಗೂ ಆಗುತ್ತೆ ಅಕ್ಕ’ ಅಂದರೆ ನಂಬಬೇಡಿ

ಬ್ಲೌಸ್ ಹೊಲಿಯುವವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಹೊಲಿಗೆ ಮಷಿನ್‌ಗೆ ಹಾಕುವ 32 ಫೂಟ್‌ಗಳ (ಸೂಜಿ ಕೆಳಗೆ ಬಟ್ಟೆಯನ್ನು ಒತ್ತಿ ಹಿಡಿಯುವ ಬಿಡಿಭಾಗ) ಡಬ್ಬಿ ತೆಗೆದುಕೊಳ್ಳಬೇಕು ಅಂತ ಇರುವವರು ಎರಡು ಸಲ ಓದಿ.

ನಾನು ತುಮಕೂರಿನಲ್ಲಿ ಮನೆಯಲ್ಲೇ 11 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ನನ್ನದು ಹಳೇ ಕಪ್ಪು ಮಷಿನ್, ಮೋಟಾರ್ ಹಾಕಿಸಿದ್ದೇನೆ. ನೇರ ಹೊಲಿಗೆ ಮಾತ್ರ ಬರುತ್ತದೆ. ಸೀರೆಗೆ ಫಾಲ್ ನಾನೇ ಹಾಕುತ್ತೇನೆ, ಸೂಜಿ ಎಡಕ್ಕೂ ಬಲಕ್ಕೂ ಓಡಾಡುವ ಜಿಗ್‌ಜಾಗ್ ಹೊಲಿಗೆಗೆ ಪಕ್ಕದ ಬೀದಿಗೆ ಕಳಿಸುತ್ತೇನೆ. ಇತ್ತೀಚೆಗೆ ಬರುವವರೆಲ್ಲ ಮೊಬೈಲ್‌ನಲ್ಲಿ ಫೋಟೋ ತೋರಿಸಿ ಕತ್ತಿನ ಸುತ್ತ ಮುತ್ತಿನ ಸಾಲು, ತೋಳಿಗೆ ಸಣ್ಣ ಸಣ್ಣ ಪಿನ್‌ಟಕ್ (ಗೆರೆಯಂತೆ ಕಾಣುವ ತೆಳು ಮಡಿಕೆ) ಕೇಳುತ್ತಾರೆ. ಮುತ್ತನ್ನು ಕೈಯಲ್ಲಿ ಹೊಲಿದರೆ ಒಂದು ಕತ್ತಿಗೆ ಅರ್ಧ ದಿನ. ಅದಕ್ಕೆ ಬೇರೆ ಫೂಟ್ ಬರುತ್ತದೆ ಅಂತ ಗೊತ್ತಾಗಿ ಬೆಂಗಳೂರಿಗೆ ಹೋದಾಗ ಚಿಕ್ಕಪೇಟೆ ಕಡೆ ಒಂದು ಅಂಗಡಿಗೆ ಹೋದೆ.

ನನ್ನ ಮಷಿನ್ ಫೋಟೋ ತೋರಿಸಿದೆ. ತೋರಿಸಿಯೇ ಕೇಳಿದೆ, ಮತ್ತೆ ಹೇಳುತ್ತೇನೆ, ತೋರಿಸಿಯೇ ಕೇಳಿದೆ. “ಅಣ್ಣಾ, ಈ ಮಷಿನ್‌ಗೆ ಆಗುತ್ತಾ?” ಅಂದೆ. “ಎಲ್ಲಾ ಮಷಿನ್‌ಗೂ ಆಗುತ್ತೆ ಅಕ್ಕ, ಕಣ್ಣು ಮುಚ್ಚಿಕೊಂಡು ತಗೊಳ್ಳಿ” ಅಂದರು. ಅಂಗಡಿಯ ಬಿಳಿ ಮಷಿನ್ ಮೇಲೆ ಮುತ್ತಿನ ಫೂಟ್ ಹಾಕಿ ಒಂದು ಗೇಣು ಸರ ಹೊಲಿದು ತೋರಿಸಿದರು. ಸರಸರ ಬಂತು. 1,450 ರೂಪಾಯಿ ಕೊಟ್ಟು ಆ 32 ಫೂಟ್‌ಗಳ ಡಬ್ಬಿ ತಂದೆ.

ಮನೆಗೆ ಬಂದು ಫೂಟ್ ಕಚ್ಚಿಸುವ ಅಡಾಪ್ಟರ್ ಸಿಕ್ಕಿಸಿದೆ. ಸ್ಕ್ರೂ ಸರಿಯಾಗಿ ಕೂತಿತು. ಫೂಟ್ ಟಕ್ ಅಂತ ಕಚ್ಚಿಕೊಂಡಿತು. ಅಲ್ಲೇ ನಾನು ಮೋಸ ಹೋಗಿದ್ದು. ಫೂಟ್ ಕೂತಿತು ಅಂದರೆ ಕೆಲಸ ಮಾಡುತ್ತದೆ ಅಂತಲೇ ಅಲ್ವಾ ನಾವು ಅಂದುಕೊಳ್ಳುವುದು?

ಹಳೇ ಬಟ್ಟೆ ಮೇಲೆ ನೋಡಬೇಕಿತ್ತು. ಆದರೆ ಮರುದಿನವೇ ಒಬ್ಬರ ಮಗಳ ನಿಶ್ಚಿತಾರ್ಥ, ಬ್ಲೌಸ್ ರೆಡಿ ಇತ್ತು, ಮುತ್ತು ಒಂದೇ ಬಾಕಿ. ಹಸಿರು ರೇಷ್ಮೆ. 4 ಮಿಲಿಮೀಟರ್ ಮುತ್ತಿನ ಸರ ಫೂಟ್ ಕೆಳಗಿನ ಕಾಲುವೆಯಲ್ಲಿ ಚೆನ್ನಾಗಿಯೇ ಕೂತಿತು. ಪೆಡಲ್ ಒತ್ತಿದೆ. ಸೂಜಿ ನೇರವಾಗಿ ಮುತ್ತಿನ ನೆತ್ತಿಯ ಮೇಲೇ ಇಳಿಯಿತು. ಕಟ್ ಅಂತ ಮುರಿದು ತುದಿ ನನ್ನ ಕನ್ನಡಕಕ್ಕೆ ಬಡಿಯಿತು. ಕನ್ನಡಕ ಇಲ್ಲದಿದ್ದರೆ ಕಣ್ಣಿಗೇ. ನೋಡಿದರೆ ರೇಷ್ಮೆಯಲ್ಲಿ ಮೂರು ತೂತು. ರೇಷ್ಮೆಯಲ್ಲಿ ಬಿದ್ದ ಸೂಜಿ ತೂತು ಮುಚ್ಚಿಕೊಳ್ಳುವುದಿಲ್ಲ, ಹೊಲಿಯುವವರಿಗೆ ಗೊತ್ತು.

ಆಗ ಹೊಳೆಯಿತು. ಮುತ್ತಿನ ಫೂಟ್‌ಗೆ ಸೂಜಿ ಒಮ್ಮೆ ಮುತ್ತಿನ ಎಡಕ್ಕೆ, ಒಮ್ಮೆ ಬಲಕ್ಕೆ ಇಳಿಯಬೇಕು, ದಾರ ಸರದ ಮೇಲೆ ಹಾದು ಹಿಡಿಯಬೇಕು. ಅಂದರೆ ಜಿಗ್‌ಜಾಗ್ ಬೇಕೇ ಬೇಕು, ಅದೂ ಮುತ್ತಿಗಿಂತ ಅಗಲವಾಗಿ. ಅಂಗಡಿಯವರು ಹೊಲಿಯುವ ಮೊದಲು ಆ ಬಿಳಿ ಮಷಿನ್‌ನ ಡಯಲ್ ತಿರುಗಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಫೂಟ್ ನೋಡುತ್ತಿದ್ದೆ, ಸೂಜಿ ನೋಡಲಿಲ್ಲ. 11 ವರ್ಷ ಹೊಲಿದವಳು ಸೂಜಿ ನೋಡಲಿಲ್ಲ. ಇದನ್ನು ಬರೆಯುವುದಕ್ಕೂ ನಾಚಿಕೆ ಆಗುತ್ತಿದೆ.

ಫೋನ್ ಮಾಡಿದೆ. ಮೊದಲ ಸಲ: “ಮೇಡಂ, ನಿಮಗೆ ಫೂಟ್ ಹಾಕೋಕೆ ಬಂದಿಲ್ಲ.” ಅಂಗಡಿಯಲ್ಲಿ ಅಕ್ಕ, ಫೋನ್‌ನಲ್ಲಿ ಮೇಡಂ. ಎರಡನೇ ಸಲ: “ಮಷಿನ್ ಟೈಮಿಂಗ್ ಹೋಗಿರಬೇಕು, ಮೆಕ್ಯಾನಿಕ್‌ಗೆ ತೋರಿಸಿ.” ಮೂರನೇ ಸಲ ನಾನು ಜಿಗ್‌ಜಾಗ್ ವಿಷಯ ಎತ್ತಿದಾಗ ಏನಂದರು ಗೊತ್ತಾ? “ಎಲ್ಲಾ ಮಷಿನ್ ಅಂದ್ರೆ ಎಲ್ಲಾ ಜಿಗ್‌ಜಾಗ್ ಮಷಿನ್ ಅಂತ ಅರ್ಥ ಮೇಡಂ.” ವಾಪಸ್ ತಗೊಳ್ಳಿ ಅಂದರೆ ಡಬ್ಬಿ ಓಪನ್ ಆಗಿದೆ, ಆಗಲ್ಲ. ಕೊನೆಗೆ, “ಒಂದು ಜಿಗ್‌ಜಾಗ್ ಮಷಿನ್ ತಗೊಂಡುಬಿಡಿ, ಡಿಸ್ಕೌಂಟ್ ಕೊಡ್ತೀನಿ.” ಮೈ ಉರಿದುಹೋಯಿತು. ಫೋನ್ ಇಟ್ಟುಬಿಟ್ಟೆ.

ಆ ರಾತ್ರಿ ಎರಡು ಗಂಟೆವರೆಗೂ ಕೂತು ಕೈಯಲ್ಲೇ ಮುತ್ತು ಹೊಲಿದೆ. ತೂತಿನ ಮೇಲೆ ಒಂದು ಸಾಲು ಜಾಸ್ತಿ ಇಟ್ಟೆ. ಬ್ಲೌಸ್ ಕೊಟ್ಟಿದ್ದವರಿಗೆ ನಿಜ ಹೇಳಿ ಕೂಲಿ ಬೇಡ ಅಂದೆ.

ನೇರ ಹೊಲಿಗೆ ಮಷಿನ್ ಇರುವವರು ಕೇಳಿ. ಆ 32ರಲ್ಲಿ ನನಗೆ ಕೆಲಸಕ್ಕೆ ಬಂದಿದ್ದು ಜಿಪ್ ಫೂಟ್, ಪೈಪಿಂಗ್ ಫೂಟ್, ಸಣ್ಣ ಅಂಚು ಮಡಿಸುವ ಫೂಟ್, ನೆರಿಗೆ ಫೂಟ್, ಇಂಥವು ಕೆಲವೇ. ಸ್ಯಾಟಿನ್ (ಒತ್ತೊತ್ತಾಗಿ ತುಂಬುವ ಹೊಲಿಗೆ), ಓವರ್‌ಲಾಕ್ (ಅಂಚು ಬಿಚ್ಚದಂತೆ ಹಾಕುವ ಹೊಲಿಗೆ), ಗುಂಡಿ ಕಾಜಾ, ಮುತ್ತು, ಎಲ್ಲಕ್ಕೂ ಸೂಜಿ ಪಕ್ಕಕ್ಕೆ ಓಡಾಡಬೇಕು. ಪಿನ್‌ಟಕ್ ಫೂಟ್ ಜೊತೆಗೆ ಜೋಡಿ ಸೂಜಿ ಮಾರುತ್ತಾರಲ್ಲ, ಅದನ್ನಂತೂ ಹಾಕಲೇಬೇಡಿ. ನಮ್ಮ ಮಷಿನ್ ಪ್ಲೇಟಿನಲ್ಲಿ ಇರುವುದು ಒಂದೇ ಸಣ್ಣ ದುಂಡು ತೂತು. ಎರಡು ಸೂಜಿ ಎಲ್ಲಿ ಇಳಿಯಬೇಕು? ಪ್ಲೇಟಿಗೆ ಬಡಿದು ಮುರಿಯುತ್ತವೆ.

ಇನ್ನು ಫೂಟ್ ಕೂರುತ್ತದೋ ಇಲ್ಲವೋ ಅನ್ನುವುದೇ ಬೇರೆ ಲೆಕ್ಕ. ಈಗಿರುವ ಫೂಟನ್ನು ಕೆಳಗಿಳಿಸಿ, ಪ್ಲೇಟಿನಿಂದ ಸ್ಕ್ರೂ ನಡುವಿನವರೆಗೆ ಟೇಪ್ ಹಿಡಿಯಿರಿ. ಸುಮಾರು ಅರ್ಧ ಇಂಚು ಇದ್ದರೆ ಲೋ ಶ್ಯಾಂಕ್ (ಫೂಟ್ ಹಿಡಿಯುವ ಕಾಲು ಗಿಡ್ಡ), 1 ಇಂಚು ಇದ್ದರೆ ಹೈ ಶ್ಯಾಂಕ್ (ಆ ಕಾಲು ಉದ್ದ). ಇಂಥ ಡಬ್ಬಿಗಳು ಸಾಮಾನ್ಯವಾಗಿ ಲೋ ಶ್ಯಾಂಕ್‌ನವು. ಗಾರ್ಮೆಂಟ್ಸ್‌ನ ಪವರ್ ಮಷಿನ್ ಹೈ ಶ್ಯಾಂಕ್, ಅದಕ್ಕೆ ಇವು ಕೂರುವುದೂ ಇಲ್ಲ. ಯಾವ ಹೊಸ ಫೂಟ್ ಹಾಕಿದರೂ ಮೊದಲು ಚಕ್ರವನ್ನು ಕೈಯಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಸೂಜಿ ಎಲ್ಲಿ ಇಳಿಯುತ್ತದೆ ನೋಡಿ. ನಾನು ಅಷ್ಟು ಮಾಡಿದ್ದರೆ ಆ ರೇಷ್ಮೆ ಉಳಿಯುತ್ತಿತ್ತು.

ಮತ್ತೆ, ಬಿಲ್ ಮೇಲೆ ನಿಮ್ಮ ಮಷಿನ್ ಹೆಸರು ಹಾಕಿ ‘ಇದಕ್ಕೆ ಆಗುತ್ತದೆ’ ಅಂತ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ನನ್ನ ಬಿಲ್ ಮೇಲೆ ಇರುವುದು ‘ಫೂಟ್ ಸೆಟ್ – 1’ ಅಂತ, ಅಷ್ಟೇ.